ಡಬ್ಬಿಯಲ್ಲಿನ ಕಲ್ಲುಹೂವು ಬೆಟ್ಟದ ಮರದಲ್ಲಿ!

ಬಿಸಿಬೇಳೆಭಾತ್ ಪುಡಿಗೆ ನೀವು ಹಾಕುವ ಕಲ್ಲುಹೂವು ನಿಜವಾಗಿ ಹೂವೇ ಅಲ್ಲ, ಗೊತ್ತೇ? ನೋಡಬೇಕೆನಿಸಿದರೆ ಗೌರಿಬಿದನೂರಿನಿಂದ ಬುತ್ತಿ ಕಟ್ಟಿಕೊಂಡು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರದ ಮೇಲೆ ನಂದಿಬೆಟ್ಟಕ್ಕೆ ಬನ್ನಿ. ಸುಮಾರು 4,850 ಅಡಿ ಎತ್ತರದಲ್ಲಿ, ಮಂಜು ಕವಿದ ಬೆಳಿಗ್ಗೆ, ಹಳೆಯ ಮರಗಳ ತೊಗಟೆ ಗಮನಿಸಿ. ಬೂದಿಬಣ್ಣದ ತೇಪೆಗಳು ಕಾಣುತ್ತವೆ. ಅವೆಲ್ಲ ಕಲ್ಲುಹೂವಿನ ಬಳಗವೇ!

ಅದೊಂದು ಸಂಸಾರ ಕಣ್ರೀ. ಅಣಬೆಯ ನಂಟಿನ ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಒಳಗಿರುವ ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಮರದ ರಸ ಹೀರುವುದಿಲ್ಲ. ಗಾಳಿಯನ್ನೇ ನಂಬಿದ ಬಾಳಾದ್ದರಿಂದ ಹೊಗೆ ತುಂಬಿದ ಪೇಟೆಯಲ್ಲಿ ಹೆಚ್ಚಿನವು ಉಳಿಯವು. ಪ್ಯಾರಿಸ್ಸಿನಲ್ಲಿ ನೈಲಾಂಡರ್ ಎಂಬ ವಿಜ್ಞಾನಿ 1866ರಲ್ಲೇ ಇದನ್ನು ಗುರುತಿಸಿದ್ದರು.

ಬೆಳೆಯುವುದೋ, ವರ್ಷಕ್ಕೆ ಕೆಲವೇ ಮಿಲಿಮೀಟರ್! ಹೊಲದಲ್ಲಿ ಬಿತ್ತಿ ಬೆಳೆಯುವ ಬೆಳೆಯಲ್ಲ. ಅಂಗಡಿಗೆ ಬರುವುದು ಕಾಡಿನ ಮರ, ಬಂಡೆಗಳಿಂದ ಕೆರೆದು ತಂದದ್ದು. ಒಮ್ಮೆ ಕೆರೆದ ಕೊಂಬೆ ಬಹಳ ವರ್ಷ ಬೋಳಾಗಿಯೇ ಇರುತ್ತದೆ.

ಆದ್ದರಿಂದ ಬೆಟ್ಟದಲ್ಲಿ ಮಕ್ಕಳು ಕೀಳಹೋದರೆ ತಡೆಯಿರಿ. ಅಡುಗೆಗೂ ಹಿಡಿಗಟ್ಟಲೆ ಬೇಡ. ಒಂದೆರಡು ಚೂರು ಧೂಳು ಕೊಡವಿ, ಎಣ್ಣೆಯಲ್ಲಿ ಬಾಡಿಸಿ, ಮನೆಯೆಲ್ಲಾ ಘಮ್ಮೆನ್ನುತ್ತದೆ. ಆ ಚೂರು ಅಷ್ಟು ಅಗಲವಾಗಲು, ನಿಮ್ಮ ಮಗು ಒಂದನೇ ತರಗತಿಯಿಂದ ಎಸ್ಸೆಸ್ಸೆಲ್ಸಿ ಮುಟ್ಟುವಷ್ಟು ಕಾಲ ಹಿಡಿದಿರಬಹುದು!