ಸೋಲಿನ ಲೆಕ್ಕ

ಗೆದ್ದ ತಂಡದ ಅಭಿಮಾನಿಗೆ ಮರುದಿನದ ಪೇಪರ್ ಓದುವುದೆಂದರೆ ಹಬ್ಬ. ಸೋತ ತಂಡದ ಅಭಿಮಾನಿಗೆ ಅದೇ ಪೇಪರ್ ಶಿಕ್ಷೆ. ನಾನು ಆರ್‌ಸಿಬಿಯವನು. 2008ರಲ್ಲಿ ಐಪಿಎಲ್ ಶುರುವಾದಾಗಿನಿಂದ 17 ಸೀಸನ್ ಕಪ್ಪಿಗಾಗಿ ಕಾದವನು. ಸೋಲನ್ನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಆ ಸೋಲುಗಳ ಬಗ್ಗೆ ಟಿವಿಯವರೂ ಪೇಪರಿನವರೂ ಆಡಿದ ಮಾತು.

ನಮ್ಮ ಗಲಗಲಿ, ಮುಧೋಳ, ಜಮಖಂಡಿ ಸೀಮೆ ಕುಸ್ತಿಯ ಸೀಮೆ. ಜಾತ್ರೆಯಲ್ಲಿ ಒಬ್ಬ ಪೈಲ್ವಾನ ಚಿತ್ ಆದರೆ ಹಿರಿಯರು ಕಟ್ಟೆಯ ಮೇಲೆ ಕೂತು ಯಾವ ಪಟ್ಟಿಗೆ ಸಿಕ್ಕ, ಕಾಲು ಎಲ್ಲಿ ಇಡಬೇಕಿತ್ತು, ದಮ್ಮು ಯಾವಾಗ ಬಿಟ್ಟ ಎಂದು ತಾಸುಗಟ್ಟಲೆ ಮಾತಾಡುತ್ತಾರೆ. ಸೋತವನೂ ಅಲ್ಲೇ ಕೂತು ಕೇಳುತ್ತಾನೆ, ಮುಂದಿನ ಜಾತ್ರೆಗೆ ಕಲಿತು ಬರುತ್ತಾನೆ. ಸೋಲಿನ ಮಾತು ಹೀಗಿರಬೇಕು.

2024ರ ಏಪ್ರಿಲ್ ನೆನಪಿಸಿಕೊಳ್ಳಿ. ಮೊದಲ 8 ಪಂದ್ಯಗಳಲ್ಲಿ 7 ಸೋಲು. ಏಪ್ರಿಲ್ 15ರಂದು ಚಿನ್ನಸ್ವಾಮಿ ಮೈದಾನದಲ್ಲಿ ಹೈದರಾಬಾದ್ ತಂಡ 287 ರನ್ ಹೊಡೆಯಿತು. ನಮ್ಮವರು ಕೈಚೆಲ್ಲಲಿಲ್ಲ, 262ರವರೆಗೆ ಹೋದರು. ದಿನೇಶ್ ಕಾರ್ತಿಕ್ 35 ಚೆಂಡುಗಳಲ್ಲಿ 83 ಹೊಡೆದರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಬೌಂಡರಿ ಹತ್ತಿರ. ಅಂಥಲ್ಲಿ ಬೌಲರ್ ಏನು ಮಾಡಬೇಕು? ನನಗೆ ತಿಳಿಯಬೇಕಾಗಿದ್ದುದು ಅದು. ನಾನು ನೋಡಿದ ಚರ್ಚೆಯಲ್ಲಿ ನಾಲ್ವರು ಕೂತು ನಗುತ್ತಿದ್ದರು, ಹಿಂದೆ ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆಯನ್ನೇ ತಮಾಷೆ ಮಾಡಿ ಹಾಕಿದ್ದರು.

ಆರು ದಿನದ ಮೇಲೆ ಕೋಲ್ಕತ್ತದಲ್ಲಿ ಸೋತದ್ದು ಒಂದೇ ಒಂದು ರನ್ನಿನಿಂದ. ಕೊನೆಯ ಓವರಿನಲ್ಲಿ ಕರ್ಣ್ ಶರ್ಮಾ ಮೂರು ಸಿಕ್ಸರ್ ಎತ್ತಿದ್ದರು. ಅದರ ಮಾತು ಎರಡು ಸಾಲಿನಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಸತತ 6 ಪಂದ್ಯ ಗೆದ್ದು ತಂಡ ಪ್ಲೇಆಫ್‌ಗೆ ಹೋಯಿತು. ಏಪ್ರಿಲ್‌ನಲ್ಲಿ ಹೂತವರೇ ಮೇ ತಿಂಗಳಲ್ಲಿ ಹೂಮಾಲೆ ಹಿಡಿದು ನಿಂತರು!

ಇನ್ನೊಂದು ಚಾಳಿಯಿದೆ. ಎಲ್ಲೇ ಸೋಲಲಿ, 2017ರ ಏಪ್ರಿಲ್ 23ರ 49 ರನ್ನಿನ ಪಂದ್ಯವನ್ನು ಮತ್ತೆ ತೋರಿಸುತ್ತಾರೆ. ಅದೇ ದಿನ ನಮ್ಮ ಬೌಲರುಗಳು ಕೋಲ್ಕತ್ತವನ್ನು ಅದರ ಊರಲ್ಲೇ 131ಕ್ಕೆ ಆಲೌಟ್ ಮಾಡಿದ್ದರೆಂದು ಹೇಳುವವರು ಯಾರು?

ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ಟ್ಯಾಲಿ ಆಗದಿದ್ದರೆ ನಾವು ವೋಚರುಗಳನ್ನು ಒಂದೊಂದಾಗಿ ತೆಗೆದು ಹುಡುಕುತ್ತಿದ್ದೆವು. ಕ್ಯಾಶಿಯರನನ್ನು ಬೈದರೆ ವ್ಯತ್ಯಾಸ ಸಿಗುವುದಿಲ್ಲ. ಕ್ರಿಕೆಟ್ಟಿಗೂ ಇದೇ ನಿಯಮ. ಸೋತಾಗ ಒಬ್ಬ ನಾಯಕನ ಮುಖ, ಒಬ್ಬ ಕೊಹ್ಲಿಯ ಸ್ಟ್ರೈಕ್ ರೇಟ್ ಹಿಡಿದು ಜಗ್ಗಾಡಿದರೆ ಲೆಕ್ಕ ಕೂಡುವುದಿಲ್ಲ.

ಒಂದು ಲೆಕ್ಕ ನೋಡಿ. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ 143, ನಮ್ಮದು 137. ಸೋಲು 6 ರನ್ನಿನದು. ಅಂದು 16 ರನ್ನಿಗೆ 4 ವಿಕೆಟ್ ತೆಗೆದ ನಮ್ಮ ಅನಿಲ್ ಕುಂಬ್ಳೆಯವರೇ ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು. 2025ರ ಜೂನ್ 3ರಂದು ಅಹಮದಾಬಾದಿನ ಫೈನಲ್‌ನಲ್ಲಿ ನಮ್ಮದು 190, ಪಂಜಾಬ್ 184. ಗೆಲುವೂ 6 ರನ್ನಿನದೇ. (ಮರುದಿನ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜೀವ ಹೋದ ದುಃಖ ಬೇರೆಯೇ. ಅದರ ಮುಂದೆ ಕಪ್ ಯಾವ ಲೆಕ್ಕ?) ಆರೇ ರನ್ನು ಒಮ್ಮೆ ತಂಡವನ್ನು ನಗೆಪಾಟಲಿಗೆ ಈಡುಮಾಡಿತು, ಇನ್ನೊಮ್ಮೆ ಇತಿಹಾಸ ಬರೆಸಿತು. ನಡುವಿನ ಆಟ, ಬೆವರು, ಧೈರ್ಯ ಯಾರ ಖಾತೆಗೂ ಜಮಾ ಆಗಲಿಲ್ಲ.

ಇದು ಮುದುಕನೊಬ್ಬನ ಗೊಣಗಾಟವೆಂದು ಬಿಡಬಹುದಿತ್ತು. ಆದರೆ ಮೊನ್ನೆ ಬೇಸಿಗೆ ರಜೆಯಲ್ಲಿ ಓಣಿಯ ಹುಡುಗರ ಆಟ ನೋಡುತ್ತ ನಿಂತಿದ್ದೆ. ಸಣ್ಣವನೊಬ್ಬ ಕ್ಯಾಚ್ ಬಿಟ್ಟ. ನನ್ನ ಮೊಮ್ಮಗ, ಹತ್ತು ವರ್ಷದವನು, ಅವನ ಮುಖಕ್ಕೇ ಅಂದ: ‘ನೀ ಟೀಮಿಗೆ ಹೊರೆ ಆಗೀದಿ, ಹೊರಗ ಹೋಗು.’ ಆ ಹುಡುಗ ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದ. ‘ಹಂಗ ಅನಬಾರದಪಾ’ ಎಂದರೆ ಮೊಮ್ಮಗ, ‘ಟಿವ್ಯಾಗ ಹಂಗ ಅಂತಾರಲ್ಲ ಅಜ್ಜಾ’ ಎಂದ.

ಮರುದಿನ ಇಬ್ಬರನ್ನೂ ಕೂಡಿಸಿ, ಚೆಂಡು ಬರುವಾಗ ಕಣ್ಣು ಎಲ್ಲಿರಬೇಕು, ಕೈ ಹೇಗೆ ಸಡಿಲ ಬಿಡಬೇಕು ಎಂದು ನನಗೆ ತಿಳಿದಷ್ಟು ತೋರಿಸಿದೆ. ಮೂವತ್ತು ಸಲ ಎಸೆದದ್ದರಲ್ಲಿ ಸಣ್ಣವ ಇಪ್ಪತ್ತು ಹಿಡಿದ. ನನ್ನ ಮೊಮ್ಮಗ ಹಿಡಿದದ್ದು ಹದಿನೆಂಟು.

ಸೋತವರನ್ನು ಹೊಗಳಿರೆಂದು ಪೇಪರಿನವರನ್ನು, ಟಿವಿಯವರನ್ನು ಕೇಳುವುದಿಲ್ಲ. ತಪ್ಪು ಆಡಿದ್ದರೆ ತಪ್ಪೆಂದೇ ಬರೆಯಲಿ. ಯಾಕೆ ಸೋತರು, ಹೇಗೆ ಸೋತರು ಎಂಬುದನ್ನೂ ಬರೆಯಲಿ. ನಮ್ಮ ಮಕ್ಕಳು ಅದನ್ನು ಓದುತ್ತಾರೆ, ಕೇಳುತ್ತಾರೆ. ಕೇಳಿದ್ದನ್ನೇ ಓಣಿಯಲ್ಲಿ ಆಡುತ್ತಾರೆ.