ಗ್ಯಾಸ್ಲಿಯ ಏಳನೇ ಜಾಗ

2019ರ ಫಾರ್ಮುಲಾ ಒನ್ ಅಂದ್ರೆ ಬಹಳ ಜನಕ್ಕೆ ಹ್ಯಾಮಿಲ್ಟನ್ ಆರನೇ ಸಲ ಚಾಂಪಿಯನ್ ಆಗಿದ್ದು ನೆನಪಾಗುತ್ತೆ. ನನಗೆ ನೆನಪಾಗೋದು ಆ ವರ್ಷ ಪಟ್ಟಿಯಲ್ಲಿ ಏಳನೆಯವನಾಗಿ ಮುಗಿಸಿದ ಪಿಯೆರ್ ಗ್ಯಾಸ್ಲಿ.

ಫ್ರಾನ್ಸಿನ ಈ ಹುಡುಗನಿಗೆ ಆಗ 23 ವರ್ಷ. ಹಿಂದಿನ ವರ್ಷ ಟೋರೊ ರೊಸ್ಸೊ ಅನ್ನೋ ಸಣ್ಣ ತಂಡದಲ್ಲಿದ್ದು, ಬಹ್ರೇನ್‌ನಲ್ಲಿ ನಾಲ್ಕನೇ ಸ್ಥಾನ ಗಿಟ್ಟಿಸಿದ್ದ. ಅದು ರೆಡ್ ಬುಲ್ ಕಂಪನಿಯದೇ ಎರಡನೇ ತಂಡ. ಹುಡುಗರು ಅಲ್ಲಿ ಪಳಗಬೇಕು, ಚೆನ್ನಾಗಿ ಓಡಿಸಿದ್ರೆ ದೊಡ್ಡ ತಂಡಕ್ಕೆ ಪ್ರಮೋಷನ್. ಡೇನಿಯಲ್ ರಿಕಿಯಾರ್ಡೊ ರೆನೋ ತಂಡಕ್ಕೆ ಹೋಗಿದ್ರಿಂದ ಖಾಲಿಯಾದ ಸೀಟು ಗ್ಯಾಸ್ಲಿಗೆ ಸಿಕ್ಕಿತು. ಪಕ್ಕದ ಕಾರಿನಲ್ಲಿ ಮ್ಯಾಕ್ಸ್ ವರ್ಸ್ಟಾಪನ್!

ಮೊದಲಿನಿಂದಲೂ ಎಡವಟ್ಟೇ. ಸೀಸನ್ ಶುರುವಾಗೋ ಮುಂಚೆ ಬಾರ್ಸಿಲೋನಾದ ಟೆಸ್ಟಿಂಗ್‌ನಲ್ಲಿ ಎರಡು ಸಲ ಕಾರು ಗುದ್ದಿಸಿದ. ಮೆಲ್ಬರ್ನ್‌ನ ಮೊದಲ ರೇಸಿನಲ್ಲಿ ಹದಿನೇಳನೇ ಜಾಗದಿಂದ ಹೊರಟು ಹನ್ನೊಂದನೆಯವನಾಗಿ ಬಂದ, ಪಾಯಿಂಟ್ ಸೊನ್ನೆ. ಆಸ್ಟ್ರಿಯಾದಲ್ಲಿ ವರ್ಸ್ಟಾಪನ್ ಗೆದ್ದ. ಗೆಲ್ಲೋ ದಾರಿಯಲ್ಲಿ ತನ್ನದೇ ತಂಡದ ಗ್ಯಾಸ್ಲಿಯನ್ನ ಒಂದು ಇಡೀ ಸುತ್ತು ಹಿಂದೆ ಹಾಕಿದ್ದ. ಹನ್ನೆರಡು ರೇಸ್ ಮುಗಿದಾಗ ವರ್ಸ್ಟಾಪನ್ ಹತ್ರ 181 ಪಾಯಿಂಟ್, ಇವನ ಹತ್ರ 63. ಆಗಸ್ಟ್ 12ಕ್ಕೆ, ಬೇಸಿಗೆ ರಜೆಯ ಮಧ್ಯೆ, ತಂಡ ಪ್ರಕಟಣೆ ಹೊರಡಿಸಿತು: ಮುಂದಿನ ರೇಸಿನಿಂದ ಅಲೆಕ್ಸ್ ಆಲ್ಬನ್ ಮೇಲಕ್ಕೆ, ಗ್ಯಾಸ್ಲಿ ವಾಪಸ್ ಟೋರೊ ರೊಸ್ಸೊಗೆ.

ಈ ಸುದ್ದಿ ನನಗೆ ಅಷ್ಟು ನಾಟೋಕೆ ಕಾರಣ ಇತ್ತು. ಅದೇ ವರ್ಷ ನಮ್ಮ ಕಂಪನಿಯಲ್ಲಿ ಎಲ್ಲರ ಕಣ್ಣಿದ್ದ ಹೊಸ ಪ್ರಾಡಕ್ಟ್ ಟೀಮಿನಿಂದ ನನ್ನನ್ನ 'ರಿಲೀಸ್' ಮಾಡಿ, ಹಳೇ ಕೋಡಿನ ಬಗ್ ಸರಿ ಮಾಡೋ ಟೀಮಿಗೆ ಹಾಕಿದ್ರು. ಸಂಬಳ ಅಷ್ಟೇ, ಐಡಿ ಕಾರ್ಡು ಅದೇ, ಕೂರೋ ಫ್ಲೋರ್ ಮಾತ್ರ ಬೇರೆ. ಆದ್ರೂ ಲಿಫ್ಟಿನಲ್ಲಿ ಸಿಕ್ಕವರು 'ಹೇಗಿದ್ದೀರಾ?' ಅಂತ ಕೇಳೋ ದನಿ ಬದಲಾಗಿಬಿಟ್ಟಿತ್ತು. ಕಾಯಿಲೆಯವರನ್ನ ನೋಡೋಕೆ ಬಂದವರು ಕೇಳ್ತಾರಲ್ಲ, ಹಾಗೆ. ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ವಿವರಿಸಿದೆ. ಅವರಿಗೆ ಟೀಮು ಗೀಮು ಅರ್ಥ ಆಗಲಿಲ್ಲ. "ಜೋಡಿ ಕೂಡ್ಲಿಲ್ಲ ಅನ್ನು" ಅಂದ್ರು. ಉಳುವಾಗ ಎತ್ತು ಮೊಂಡು ಹಿಡಿದ್ರೆ ಅವರು ಎತ್ತನ್ನ ಬೈಯೋದಿಲ್ಲ, ಮೊದಲು ಜೋಡಿ ಬದಲಾಯಿಸಿ ನೋಡ್ತಾರೆ.

ಗ್ಯಾಸ್ಲಿಗೂ ಜೋಡಿ ಬದಲಾಯಿತು. ಆದ್ರೆ ಹೊಸ ಸೀಟಿನ ಮೊದಲ ವಾರಾಂತ್ಯವೇ ಬೆಲ್ಜಿಯಂನ ಸ್ಪಾ. ಆಗಸ್ಟ್ 31ರ ಶನಿವಾರ ಅಲ್ಲಿ ಫಾರ್ಮುಲಾ ಟೂ ರೇಸಿನಲ್ಲಿ ಆಂಟ್ವಾನ್ ಹುಬೇರ್ ಅಪಘಾತದಲ್ಲಿ ತೀರಿಕೊಂಡ. ಗ್ಯಾಸ್ಲಿಯ ಬಾಲ್ಯದ ಗೆಳೆಯ, ಇಬ್ಬರೂ ಕಾರ್ಟಿಂಗ್ ದಿನಗಳಿಂದ ಜೊತೆಗೇ ಬೆಳೆದವರು. ಮರುದಿನ ಗ್ಯಾಸ್ಲಿ ಅದೇ ಟ್ರ್ಯಾಕಿನಲ್ಲಿ ಕಾರು ಓಡಿಸಿದ. ಒಂಬತ್ತನೆಯವನಾಗಿ ಬಂದ, ಎರಡು ಪಾಯಿಂಟ್. ಸಿಂಗಾಪುರದಲ್ಲಿ ಎಂಟನೆಯವನು, ಜಪಾನಿನಲ್ಲಿ ಏಳು, ಮೆಕ್ಸಿಕೊದಲ್ಲಿ ಮತ್ತೆ ಒಂಬತ್ತು. ಇವು ಯಾವ ಪೇಪರಿನಲ್ಲೂ ಹೆಡ್‌ಲೈನ್ ಆಗೋ ನಂಬರುಗಳಲ್ಲ.

ಆದ್ರೆ ಆ ನಂಬರಿನ ಬೆಲೆ ಗೊತ್ತಾಗಬೇಕಂದ್ರೆ ಇನ್ನೊಂದು ಲೆಕ್ಕ ನೋಡಬೇಕು. ಆ ವರ್ಷ 21 ರೇಸ್, ಅಂದ್ರೆ 63 ಪೋಡಿಯಂ ಸ್ಥಾನ. ಅದರಲ್ಲಿ 60 ಸ್ಥಾನ ಮರ್ಸಿಡಿಸ್, ಫೆರಾರಿ, ರೆಡ್ ಬುಲ್ ಮೂರೇ ತಂಡಗಳ ಪಾಲು. ಉಳಿದ ಏಳು ತಂಡಗಳಿಗೆ ಸಿಕ್ಕಿದ್ದು ಮೂರೇ ಮೂರು. ಮೂರು ದೊಡ್ಡ ತಂಡಗಳ ಆರು ಕಾರು ಮುಂದೆ ಇದ್ದೇ ಇರುತ್ತವೆ ಅಂತಿಟ್ಟುಕೊಂಡ್ರೆ, ಮಿಡ್‌ಫೀಲ್ಡ್ ಡ್ರೈವರಿಗೆ ಏಳನೇ ಜಾಗವೇ ಮೊದಲನೇ ಜಾಗ.

ನವೆಂಬರ್ 17, ಬ್ರೆಜಿಲ್. ನಮ್ಮಲ್ಲಿ ಭಾನುವಾರ ರಾತ್ರಿ, ಬೆಳಗಾದ್ರೆ ಸ್ಟ್ಯಾಂಡಪ್ ಮೀಟಿಂಗ್. ಹಿಂದಿನ ದಿನದ ಕ್ವಾಲಿಫೈಯಿಂಗ್‌ನಲ್ಲಿ ಗ್ಯಾಸ್ಲಿ ಏಳನೆಯವನು, ಸರಿಯಾಗಿ ಆ ಆರು ಕಾರುಗಳ ಹಿಂದೆ. ರೇಸಿನಲ್ಲಿ ಮುಂದಿನವರು ಒಬ್ಬೊಬ್ಬರಾಗಿ ಉದುರಿದ್ರು. ಬೊಟ್ಟಾಸ್ ಎಂಜಿನ್ ಕೈಕೊಟ್ಟಿತು. ಫೆರಾರಿಯ ಇಬ್ಬರೂ ಪರಸ್ಪರ ಗುದ್ದಿಕೊಂಡು ಹೊರಗೆ. ಕೊನೆಗೆ ಹ್ಯಾಮಿಲ್ಟನ್ ಮತ್ತು ಆಲ್ಬನ್ ತಾಗಿಕೊಂಡ್ರು, ಆಲ್ಬನ್ ಕಾರು ಗಿರ್ರನೆ ತಿರುಗಿತು, ಗ್ಯಾಸ್ಲಿ ಎರಡನೇ ಜಾಗಕ್ಕೆ ನುಗ್ಗಿದ. ಕೊನೆಯ ನೇರ ರಸ್ತೆಯಲ್ಲಿ ಪಕ್ಕಕ್ಕೆ ಹ್ಯಾಮಿಲ್ಟನ್, ಆರು ಸಲದ ಚಾಂಪಿಯನ್, ಗೆರೆಯವರೆಗೂ ಚಕ್ರಕ್ಕೆ ಚಕ್ರ. ಗ್ಯಾಸ್ಲಿ ಮುಂದೆ, 0.062 ಸೆಕೆಂಡಿನಿಂದ. ರೇಡಿಯೋದಲ್ಲಿ ಅವನು ಕಿರುಚಿದ್ದು ಕೇಳಿ ನನ್ನ ರೂಮ್‌ಮೇಟ್ ಎದ್ದು ಕೂತ.

ಅದೃಷ್ಟ ಅಂದವರಿದ್ರು. ಹೌದು, ಅದೃಷ್ಟವೇ. ಆದ್ರೆ ಹಾಗೆ ಮುಂದಿನವರು ಎಡವಿದಾಗ ಅದರ ಲಾಭ ಸಿಗೋದು ಏಳನೆಯವನಿಗೆ, ಹದಿನೇಳನೆಯವನಿಗಲ್ಲ. ಟೋರೊ ರೊಸ್ಸೊಗೆ ವಾಪಸ್ ಬಂದಮೇಲೆ ಅವನು ಗಳಿಸಿದ 32 ಪಾಯಿಂಟಲ್ಲಿ ಬ್ರೆಜಿಲಿನದು 18. ಮಿಕ್ಕ 14 ಬಂದಿದ್ದು ಯಾರೂ ನೋಡದ ಆ ಒಂಬತ್ತು, ಎಂಟು, ಏಳರಿಂದ. ನನ್ನ ಪ್ರಕಾರ ಅವನು ಚೇತರಿಸಿಕೊಂಡಿದ್ದು ಅಲ್ಲಿ. ಪೋಡಿಯಂ ಅದಕ್ಕೆ ಬಿದ್ದ ಸೀಲು ಅಷ್ಟೇ.

ಮುಂದಿನ ವರ್ಷ, ಆಲ್ಫಾಟೌರಿ ಅಂತ ಹೆಸರು ಬದಲಾದ ಅದೇ ತಂಡದಲ್ಲಿ, ಇಟಲಿಯ ಮೊಂಜಾದಲ್ಲಿ ಗ್ಯಾಸ್ಲಿ ರೇಸನ್ನೇ ಗೆದ್ದ. 1996ರ ನಂತರ ಫ್ರೆಂಚ್ ಡ್ರೈವರ್ ಒಬ್ಬನ ಮೊದಲ ಗೆಲುವು ಅದು. ಸಂಭ್ರಮ ಎಲ್ಲಾ ಮುಗಿದು ಉಳಿದಿಬ್ಬರು ಇಳಿದು ಹೋದಮೇಲೂ ಅವನೊಬ್ಬನೇ ಪೋಡಿಯಂ ಮೇಲೆ ಕೂತಿದ್ದ. ಅಷ್ಟಾದ್ರೂ ದೊಡ್ಡ ತಂಡ ಅವನನ್ನ ಮತ್ತೆ ಕರೀಲಿಲ್ಲ. ಅವನ ಜಾಗಕ್ಕೆ ಹೋದ ಆಲ್ಬನ್ ಕೂಡ 2020 ಮುಗಿಯೋ ಹೊತ್ತಿಗೆ ಆ ಸೀಟು ಕಳೆದುಕೊಂಡ.

ಹಾಗಾಗಿ ಇದು ತಿರುಗೇಟಿನ ಕಥೆಯಲ್ಲ. ಮೇಲಿನವರ ತೀರ್ಮಾನ ಕೊನೆವರೆಗೂ ಬದಲಾಗಲಿಲ್ಲ. ಹಳೇ ಕೋಡಿನ ಟೀಮಿನಲ್ಲಿ ನಾನು ಈಗಲೂ ಇದ್ದೀನಿ, ನನ್ನ ಬಗ್ಗೆ ಆದ ತೀರ್ಮಾನವೂ ಹಾಗೇ ಇದೆ. ಹೊಸದಾಗಿ 'ರಿಲೀಸ್' ಆಗಿ ಬರೋ ಹುಡುಗರು ಮುಖ ಸಣ್ಣ ಮಾಡಿಕೊಂಡು ಕೂತಾಗ ಟೀ ಕುಡಿಯೋಕೆ ಕರ್ಕೊಂಡು ಹೋಗ್ತೀನಿ. ಬ್ರೆಜಿಲ್ ಕಥೆ ಹೇಳೋದಿಲ್ಲ. ಸಿಂಗಾಪುರದ ಎಂಟನೇ ಜಾಗದ ಕಥೆ ಹೇಳ್ತೀನಿ.