ಕೊನೆಯ ಸಾಲಿಗೆ ಕೇಳದ ಮಾತು

ಅದು ಹರಕೆಯ ಬಯಲಾಟ, ಪ್ರಸಂಗ ಕರ್ಣಪರ್ವ. ಮೈಕ್‌ಸೆಟ್ಟಿನ ಕೆಲಸಕ್ಕಿಳಿದು ನನಗೆ ಆಗ ಎರಡನೆಯ ವರ್ಷ. ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ, ಅದರ ಎರಡು ಬದಿಗೆ ಆಳೆತ್ತರದ ಸ್ಟ್ಯಾಂಡಿನ ಮೇಲೆ ನನ್ನ ಎರಡು ಬಾಕ್ಸುಗಳು. ಮೊದಲ ಸಾಲಿನ ಕುರ್ಚಿಗೂ ಬಾಕ್ಸಿಗೂ 3 ಮೀಟರ್. ರಾತ್ರಿಯಾಗುತ್ತಿದ್ದಂತೆ ಜನ ಬಂದು ಚಾಪೆ ಹಾಸುತ್ತಲೇ ಹೋದರು. ಕೊನೆಯವರು ಕೂತದ್ದು 50 ಮೀಟರ್ ಹತ್ತಿರ. ಅಷ್ಟು ಜನವನ್ನು ನಾನು ಎಣಿಸಿರಲಿಲ್ಲ.

ಪ್ರಸಂಗ ಶುರುವಾಗಿ ಅರ್ಧ ಗಂಟೆಯಾಗಿರಲಿಲ್ಲ, ಹಿಂದಿನಿಂದ ಕೂಗು ಬಂತು: “ಕೇಳುದಿಲ್ಲ ಮಾರಾಯ್ರೇ!” ವಾಲ್ಯೂಮ್ ಏರಿಸಿದೆ. ಎದುರಿಗಿದ್ದ ಯಜಮಾನರು ಕಿವಿ ಮುಚ್ಚಿಕೊಂಡರು, ಮಡಿಲಲ್ಲಿ ಮಲಗಿದ್ದ ಮಕ್ಕಳು ಬೆಚ್ಚಿಬಿದ್ದು ಅತ್ತವು. ಇಳಿಸಿದೆ. ಮತ್ತೆ ಕೂಗು. ಹೀಗೆ ಏರಿಸುತ್ತ ಇಳಿಸುತ್ತ ನನ್ನ ಕೈ ಬೆವರಿತು.

ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಶಬ್ದ 6 ಡೆಸಿಬಲ್ ಇಳಿಯುತ್ತದೆ. 3 ಮೀಟರ್ 6 ಆಗಿ, 12 ಆಗಿ, 24 ಆಗಿ, 48 ಆಗುವಷ್ಟರಲ್ಲಿ 24 ಡೆಸಿಬಲ್ ಹೋಗಿಬಿಡುತ್ತದೆ. ಗುಂಡಿ ಎಷ್ಟೇ ತಿರುಗಿಸಿ, ಮುಂದಿನವರಿಗೂ ಹಿಂದಿನವರಿಗೂ ನಡುವಿನ ಆ ಅಂತರ ಇದ್ದಷ್ಟೇ ಇರುತ್ತದೆ. ಈ ಲೆಕ್ಕ ನನಗೆ ಆಗ ಗೊತ್ತಿರಲಿಲ್ಲ. ಹೇಳಿಕೊಡುವವರೂ ಇರಲಿಲ್ಲ.

ವೇಷಧಾರಿಗಳ ಮಾತು ಹಿಡಿಯಲು ರಂಗಸ್ಥಳದ ಮೇಲೆ ಮೈಕ್ ನೇತುಹಾಕಿದ್ದೆ. ಬಾಕ್ಸು ಪಕ್ಕದಲ್ಲೇ. ಕರ್ಣ ಶಲ್ಯರ ಸಂವಾದಕ್ಕೆ ಅದರ ವಾಲ್ಯೂಮ್ ಸ್ವಲ್ಪ ಏರಿಸಿದ್ದೇ ತಡ, ಬಾಕ್ಸಿನ ಶಬ್ದ ಮತ್ತೆ ಮೈಕಿಗೆ ಹೊಕ್ಕು ಕುಂಯ್ ಎಂದು ಕಿರುಚಿತು. ಕರ್ಣ ಮಾತು ನಿಲ್ಲಿಸಿದ. ಶಲ್ಯ ಸುಮ್ಮನೆ ನಿಂತ. ಭಾಗವತರು ತಿರುಗಿ ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಆ ನೋಟಕ್ಕಿಂತ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ವ್ಯಾನಿನಲ್ಲಿ ಇನ್ನೆರಡು ಸಣ್ಣ ಬಾಕ್ಸುಗಳಿದ್ದವು. ಗದ್ದೆಯಂಚಿನಲ್ಲಿ ತಂತಿ ಎಳೆದುಕೊಂಡು ಓಡಿ, ರಂಗಸ್ಥಳದಿಂದ 40 ಮೀಟರ್ ಹಿಂದೆ ಅವನ್ನು ನಿಲ್ಲಿಸಿದೆ. ಗೆದ್ದೆ ಅಂದುಕೊಂಡೆ. ಆದರೆ ಚೆಂಡೆಯ ಒಂದೊಂದು ಪೆಟ್ಟೂ ಎರಡೆರಡಾಗಿ ಕೇಳತೊಡಗಿತು. ಮಾತು ಮಾತಿನ ಮೇಲೆ ಬಿದ್ದು ಕಲಸಿಹೋಯಿತು. ತಂತಿಯಲ್ಲಿ ಶಬ್ದ ಕಣ್ಣು ಮಿಟುಕಿಸುವ ಮೊದಲೇ ಹಿಂದಿನ ಬಾಕ್ಸು ತಲುಪುತ್ತದೆ. ಗಾಳಿಯಲ್ಲಿ ಬರುವುದು ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ. 40 ಮೀಟರ್ ದಾಟುವುದಕ್ಕೆ ಅದಕ್ಕೆ 116 ಮಿಲಿಸೆಕೆಂಡ್ ಬೇಕು. ಕಿವಿ ಅಷ್ಟು ಅಂತರದ ಎರಡು ಪೆಟ್ಟುಗಳನ್ನು ಒಂದೆಂದು ಒಪ್ಪುವುದಿಲ್ಲ. ಮೊದಲು ಕೇಳದಿದ್ದವರಿಗೆ ಈಗ ಕೇಳಿಯೂ ತಿಳಿಯದಂತಾಯಿತು.

ಹನ್ನೆರಡು ದಾಟಿರಬೇಕು. ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ನನ್ನ ಬಳಿಯೇ ಹಾದು ಹೊರಟರು. “ವೇಷ ಕಂಡಿತು ಮಗಾ, ಮಾತು ಸಿಗಲಿಲ್ಲ. ಕರ್ಣಪರ್ವದಲ್ಲಿ ಮಾತೇ ಅಲ್ವಾ ಇರುದು?” ಎಂದರು. ಸಿಟ್ಟಿರಲಿಲ್ಲ ಅವರಲ್ಲಿ. ನನಗೆ ಉತ್ತರ ಬರಲಿಲ್ಲ. ಟಾರ್ಚಿನ ಬೆಳಕು ತೋಟದೊಳಗೆ ಮರೆಯಾಗುವವರೆಗೂ ನೋಡುತ್ತಿದ್ದೆ.

ಚಪ್ಪರ ಹಾಕಿದ್ದವರಲ್ಲಿ ಒಬ್ಬರು ಅಲ್ಲೇ ಇದ್ದರು. “ದೀಪ ಕೆಳಗಿಟ್ಟರೆ ಎದುರಿನವನ ಕಣ್ಣಿಗೇ ಹೊಡೆಯುದು. ಮೇಲೆ ಕಟ್ಟು ಮಾರಾಯಾ” ಎಂದರು. ಉಳಿದಿದ್ದ ಅಡಿಕೆ ಮರದ ಕಂಬಗಳನ್ನು ತಂದರು. ಯುದ್ಧದ ಪದಗಳು ನಡೆಯುತ್ತಿದ್ದಾಗ ನಾವು ಒಂದೊಂದೇ ಬಾಕ್ಸನ್ನು 6 ಮೀಟರ್ ಎತ್ತರಕ್ಕೆ ಏರಿಸಿ, ಮೂತಿಯನ್ನು ಕೊನೆಯ ಸಾಲಿನತ್ತ ಬಗ್ಗಿಸಿ ಬಿಗಿದು ಕಟ್ಟಿದೆವು. ಹಗ್ಗ ಎಳೆದು ಅಂಗೈ ಕಿತ್ತುಬಂತು. ಹಿಂದಿನ ಸಣ್ಣ ಬಾಕ್ಸುಗಳನ್ನು ಬಂದ್ ಮಾಡಿದೆ.

ಬಾಕ್ಸು ಮೇಲೇರಿದ್ದರಿಂದ ಮೊದಲ ಸಾಲಿಗೆ ಅದರ ದೂರ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಕೊನೆಯ ಸಾಲಿಗೆ ಬದಲಾಗಲೇ ಇಲ್ಲ. ಅಷ್ಟರಿಂದಲೇ ಸುಮಾರು 6 ಡೆಸಿಬಲ್ ಅಂತರ ಕಳೆಯಿತು. ಬಾಕ್ಸಿನ ನೇರದಿಂದ ಮುಂದಿನವರು ತಪ್ಪಿದ್ದರಿಂದ ಇನ್ನಷ್ಟು. ಮೈಕಿನಿಂದ ದೂರವಾದ ಬಾಕ್ಸು ಕಿರುಚುವುದನ್ನೂ ನಿಲ್ಲಿಸಿತು. ರಥದ ಗಾಲಿ ಹೂತುಹೋದ ಕರ್ಣನ ಮಾತು ಚಾಪೆಯವರಿಗೂ ಕೇಳಿತು. ಆದರೆ ಚಾಪೆಗಳು ಅರ್ಧಕ್ಕರ್ಧ ಖಾಲಿಯಾಗಿದ್ದವು.

ಬೆಳಿಗ್ಗೆ ಹೊಳೆಯಾಚೆಯ ಮನೆಯವರು ಹಾಲು ತಂದವರು, ರಾತ್ರಿಯಿಡೀ ಹಾಡು ಬಹಳ ಚೆನ್ನಾಗಿ ಕೇಳಿತು ಎಂದರು. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿದ್ದರೆ ಶಬ್ದ ಬಾಗಿ ದೂರದಲ್ಲಿ ನೆಲಕ್ಕಿಳಿಯುತ್ತದಂತೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು, ನನಗೆ ಮಾತ್ರ ಮುಳ್ಳಿನ ಹಾಗೆ ಚುಚ್ಚಿತು.

ಡಿಲೇ ಕೊಡುವ ಯಂತ್ರ ಕೊಳ್ಳಲು ಮೂರು ವರ್ಷ ದುಡಿದೆ. ಈಗ ಹಿಂದಿನ ಬಾಕ್ಸಿಗೆ ದೂರದ ಲೆಕ್ಕದಷ್ಟು ತಡ ಕೊಟ್ಟು, ಅದರ ಮೇಲೆ ಇನ್ನೊಂದು 10ರಿಂದ 15 ಮಿಲಿಸೆಕೆಂಡ್ ಸೇರಿಸುತ್ತೇನೆ. ಮೊದಲು ಬಂದ ಶಬ್ದದ ದಿಕ್ಕನ್ನೇ ಕಿವಿ ನಂಬುತ್ತದೆ ಎಂದು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿಕೊಟ್ಟಿದ್ದರು. ಹಾಗಾಗಿ ಪಕ್ಕದ ಬಾಕ್ಸಿನಿಂದ ಬಂದರೂ ಮಾತು ರಂಗಸ್ಥಳದಿಂದಲೇ ಬಂದಂತೆ ಅನಿಸುತ್ತದೆ.

ಆಟ ಶುರುವಾದ ಮೇಲೆ ನಾನು ಮಿಕ್ಸರನ್ನು ಹುಡುಗನಿಗೆ ಕೊಟ್ಟು ಹಿಂದೆ ಹೋಗಿ, ಕೊನೆಯ ಚಾಪೆಯ ಅಂಚಿನಲ್ಲಿ ಕೂರುತ್ತೇನೆ. ಪಕ್ಕದವರು ಮಾತು ಕೇಳಿ ತಲೆದೂಗಿದರೆ ಎದ್ದು ಬರುತ್ತೇನೆ.